ಗುರಿ ನಾಲ್ಕು

ಬಾಣಾವರದ ಆಚೆ, ರೈಲು ಹಳಿಗೂ ಕೆರೆಕೋಡಿಗೂ ನಡುವೆ
ಒಂಬತ್ತು ರಾತ್ರಿಯ ಮಟ್ಟಿಗೆ ಒಂದು ಗಡಿ.
ಕುಯ್ಲು ಮುಗಿದ ರಾಗಿ ಹೊಲ; ಕೂಳೆ ಬೂಟಿಗೂ ಚುಚ್ಚುತ್ತದೆ.
ಟಾರ್ಪಾಲಿನಡಿ ಹನ್ನೊಂದು ಲಾರಿ. ಒಳಗೇನಿದೆ,
ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಬೇಲಿ ಹಾಕಲು ಹೊತ್ತಿಲ್ಲವೆಂದು ಈ ಪೆಟ್ಟಿಗೆ ಕೊಟ್ಟರು:
ಮೂರು ಕಾಲು, ಒಂದು ಕಣ್ಣು, ಎರಡು ಬ್ಯಾಟರಿ,
ಹೊತ್ತರೆ ಎರಡು ವರ್ಷದ ಮಗುವಿನ ಭಾರ.

ಇದಕ್ಕೆ ಬೆಳಕು ಬೇಡ. ಬಣ್ಣ ಗೊತ್ತಿಲ್ಲ.
ಕಾವಿದ್ದದ್ದು ಬಿಳಿ, ಆರಿದ್ದು ಕಪ್ಪು,
ನಡುವಿನದೆಲ್ಲ ಬೂದಿ.
ಕೆರೆ ಇಡೀ ರಾತ್ರಿ ಬೆಳ್ಳಗೆ;
ನೀರು ಹಗಲನ್ನು ಬೇಗ ಬಿಟ್ಟುಕೊಡುವುದಿಲ್ಲ.
ಮೊಲ ಒಂದು ಚುಕ್ಕೆ: ನಿಂತು, ಯೋಚಿಸಿ, ಇಲ್ಲವಾಗುತ್ತದೆ.
ಗೂಡ್ಸ್ ಗಾಡಿ ಪರದೆಯನ್ನೇ ಸುಡುವಂತೆ ಹಾದು
ಹಳಿಯ ಮೇಲೆ ತುಸು ಹೊತ್ತು ತನ್ನ ಗೆರೆ ಬಿಟ್ಟುಹೋಗುತ್ತದೆ.

ಮೊದಲ ರಾತ್ರಿ, ಹತ್ತು ದಾಟಿತ್ತು,
ಲಾನ್ಸ್ ನಾಯಕ್ ಥಪಲಿಯಾಲ್ ನನ್ನ ತೋಳು ಹಿಡಿದ.
ಗುರಿ ನಾಲ್ಕು. ನೂರ ಎಂಬತ್ತು ಮೀಟರ್.
ಆಳೆತ್ತರ. ಅಲುಗುತ್ತಿಲ್ಲ.
ಒಂದು, ಎರಡು, ಮೂರು ಎಮ್ಮೆಗಳೆಂದು ಆಗಲೇ ಗೊತ್ತಾಗಿತ್ತು.
ಇದು ಎಮ್ಮೆಯಲ್ಲ.
ಆರು ಜನ ಕೂಳೆಯ ಮೇಲೆ ತೆವಳಿದೆವು,
ಮೊಣಕೈ ತರಚಿತು, ಸುಬೇದಾರರು ಉಸಿರಲ್ಲೇ ಬೈದರು,
ಟಾರ್ಚ್ ಬಿದ್ದಾಗ
ಅವನು ಕತ್ತಿ ಎತ್ತಿಯೇ ನಿಂತಿದ್ದ.

ವೀರಗಲ್ಲು.
ಹಗಲೆಲ್ಲ ಬಿಸಿಲು ಕುಡಿದು
ಇನ್ನೂ ಮೈ ಆರಿರಲಿಲ್ಲ.

ಯಾರಿವನು, ಎಂದ ಥಪಲಿಯಾಲ್.
ತುರುಗೋಳಿಗೆ ನನ್ನ ಹಿಂದಿಯಲ್ಲಿ ಮಾತಿಲ್ಲ.
ದನ ಬಿಡಿಸಲು ಹೋಗಿ ಸತ್ತವನು, ಎಂದೆ.
ಎಷ್ಟು ದನ?
ಎಣಿಸಿದೆ. ಕೆಳಪಟ್ಟಿಯಲ್ಲಿ ನಾಲ್ಕು, ಒಂದಕ್ಕೆ ಕೋಡಿಲ್ಲ.
ಹೆಸರು?
ಅಕ್ಷರವಿದ್ದ ಕಡೆ ಯಾರೋ ಕುಡುಗೋಲು ಮಸೆದೂ ಮಸೆದೂ
ಕಲ್ಲು ದೋಣಿಯಾಗಿದೆ.
ನಮ್ಮೂರ ಕಲ್ಲಿಗೂ ನಾವು ಹಾಗೇ ಮಾಡಿದ್ದೆವು.
ನಮ್ಮೂರು ಇಲ್ಲಿಂದ ಏಳು ಮೈಲಿ. ರಜೆ ಇಲ್ಲ.

ದಿನಾ ಗಂಟೆ ಹೊಡೆದರೆ ಕಷ್ಟ, ಅದನ್ನು ಮುಚ್ಚಿ ಎಂದು ಆದೇಶವಾಯಿತು.
ಮುಚ್ಚಿದೆವು: ಪರದೆಯ ಎಡಮೂಲೆಯಲ್ಲೊಂದು ಚೌಕ.
ಅದರೊಳಗೆ ಏನು ಕಾದರೂ, ಏನು ಕದಲಿದರೂ
ಯಂತ್ರಕ್ಕೆ ಲೆಕ್ಕವಿಲ್ಲ.

ಆರನೆಯ ರಾತ್ರಿ, ಮೂರೂಕಾಲು.
ತೆಂಗಿನ ಸಾಲಿನ ಹಿಂದಿನಿಂದ ಒಬ್ಬ ಬಿಳಿಯ ಮನುಷ್ಯ
ಎಡಗಾಲೆಳೆಯುತ್ತ ಬಂದು ಆ ಚೌಕದೊಳಕ್ಕೆ ಹೋದ.
ಗಂಟೆ ಹೊಡೆಯಲಿಲ್ಲ.
ಅಷ್ಟು ಹೊತ್ತಿಗೆ ಕಲ್ಲು ಆರಿ ಬೂದಿಯಾಗಿತ್ತು.
ಬಿಳಿಯವನು ಬೂದಿಯವನಿಗೆ ಬೆನ್ನು ಕೊಟ್ಟು ಕೂತ.
ಬಾಯ ಹತ್ತಿರ ಒಂದು ಕಿಡಿ. ಬೀಡಿಯೇ ಇರಬೇಕು,
ಇರಬೇಕು ಎಂಬುದು ವರದಿಯಲ್ಲಿ ಬರೆಯುವ ಮಾತಲ್ಲ.
ರೇಡಿಯೋ ಗುಂಡಿಯ ಮೇಲೆ ನನ್ನ ಹೆಬ್ಬೆರಳು,
ಒತ್ತಲೂ ಇಲ್ಲ, ತೆಗೆಯಲೂ ಇಲ್ಲ,
ಒಂದು ಬೀಡಿ ಮುಗಿಯುವಷ್ಟು ಹೊತ್ತು.
ಆಮೇಲೆ ದೂರದಲ್ಲೆಲ್ಲೋ ಮೋಟರ್ ಗುಂಯ್ ಎಂದಿತು.
ತ್ರೀ ಫೇಸ್ ಕರೆಂಟು.
ಎದ್ದ. ಹೋದ.
ಕಲ್ಲಿನ ಕೆಳಪಟ್ಟಿಯಲ್ಲಿ, ದನಗಳಿರುವ ಕಡೆ,
ಅವನ ಬೆನ್ನಿನ ಕಾವು ಬೆಳ್ಳಗೆ ಉಳಿಯಿತು.
ನಾಲ್ಕು ನಿಮಿಷ. ಗಡಿಯಾರ ನೋಡಿಕೊಂಡೆ.
ಪುಸ್ತಕದಲ್ಲಿ ಬರೆದೆ: ವಿಶೇಷವಿಲ್ಲ.

ಬೆಳಿಗ್ಗೆ ಎಡಗಾಲೆಳೆಯುವ ಮೂಡ್ಲಗಿರಿಯಪ್ಪ
ಕಾವಲಿನವನ ಮುಂದೆ ನಿಂತು ಜಗಳ ತೆಗೆದಿದ್ದ:
ನಿಮ್ಮ ಲಾರಿ ನನ್ನ ಪೈಪು ಒಡೆದಿದೆ.
ಹಳೇ ಟ್ಯೂಬಿನ ತುಂಡು, ತಂತಿ ಕೊಟ್ಟು ಕಳಿಸಿದೆ.
ರಾತ್ರಿಯೆಲ್ಲ ಅದರೊಳಗೆ ಏನ್ ನೋಡ್ತೀಯಪ್ಪ, ಎಂದ.
ಬಿಸಿ, ಎಂದೆ.
ಈ ಚಳಿಯಲ್ಲಾ? ಎಂದು ನಕ್ಕ.

ಒಂಬತ್ತನೆಯ ದಿನ ಲಾರಿಗಳು ಹೋದವು.
ಹೊಲದಲ್ಲಿ ಮೂರು ಕಾಲಿನ ಮೂರು ಗುಳಿ.
ಪೆಟ್ಟಿಗೆ ಮುಚ್ಚುವ ಮೊದಲು ಚೌಕ ತೆಗೆಯಬೇಕಿತ್ತು.
ಮರೆತೆ.
ಈಗ ಆ ಕಣ್ಣು ಯಾವ ಬೆಟ್ಟದ ಮೇಲಿದೆಯೋ;
ಅಲ್ಲಿಯೂ ಎಡಮೂಲೆಯಲ್ಲಿ, ಒಂದು ಕಲ್ಲಿನಗಲ,
ಯಾರು ಬಂದು ಕೂತರೂ ಗಂಟೆಯಿಲ್ಲ.